ಕೂಬನ ಲೆಕ್ಕ

ಪೋಲೆಂಡಿನ ಜನರ ಬಾಯಲ್ಲಿ ಒಂದು ಗಾದೆಯಿದೆ: ‘ಯಾಕ್ ಕೂಬಾ ಬೋಗು, ತಾಕ್ ಬೂಗ್ ಕೂಬ್ಯೆ.’ ಅಂದರೆ, ಕೂಬ ದೇವರಿಗೆ ಹೇಗೋ, ದೇವರು ಕೂಬನಿಗೆ ಹಾಗೆ. ಈ ಕೂಬ ಬೇರೆ ಯಾರೂ ಅಲ್ಲ, ನಮ್ಮ ನಿಮ್ಮ ಮನೆಗಳಲ್ಲಿರುವ ಯಾಕೂಬನೇ. ಅಲ್ಲಿ ಹೆಸರು ಮೊಟಕಾಗಿದೆ, ಅಷ್ಟೆ. ಕನ್ನಡದಂತೆ ಪೋಲಿಷ್ ಭಾಷೆಯಲ್ಲೂ ವಿಭಕ್ತಿಗಳುಂಟು. ಹಾಗಾಗಿ ಎರಡೇ ಹೆಸರುಗಳು ಅದಲುಬದಲಾಗಿ ಗಾದೆ ಮುಗಿದುಹೋಗುತ್ತದೆ.

ಮೇಲುನೋಟಕ್ಕೆ ಇದು ನಮ್ಮ ‘ಮಾಡಿದ್ದುಣ್ಣೋ ಮಹಾರಾಯ’. ಆದರೆ ಬಳಕೆಯನ್ನು ಗಮನಿಸಿ. ತನ್ನನ್ನು ಬೈದವನನ್ನು ತಿರುಗಿ ಬೈದವನು, ಕಷ್ಟಕ್ಕೆ ಬಾರದ ನೆರೆಯವನಿಗೆ ತಾನೂ ಬಾಗಿಲು ಹಾಕಿದವನು, ತಾನು ಮಾಡಿದ್ದೇ ಸರಿ ಎನ್ನಲು ಆಡುವ ಮಾತಿದು. ಗಾದೆಯೊಳಗೆ ಲೆಕ್ಕ ತೀರಿಸುವವನು ದೇವರು; ಆಡುವಾಗ ಮಾತ್ರ ದೇವರ ಜಾಗದಲ್ಲಿ ಮನುಷ್ಯನೇ ನಿಂತಿರುತ್ತಾನೆ!

ಇದೇ ನಾಡಿನಲ್ಲಿ ನಡೆದ ಒಂದು ಸಂಗತಿ ಕೇಳಿ. ಎರಡನೇ ಮಹಾಯುದ್ಧದಲ್ಲಿ ಅಲ್ಲಿನ 50 ಲಕ್ಷಕ್ಕೂ ಹೆಚ್ಚು ಪ್ರಜೆಗಳು ಸತ್ತರು. ಯುದ್ಧ ಮುಗಿದು 20 ವರ್ಷಗಳಾದ ಮೇಲೆ, 1965ರ ನವೆಂಬರಿನಲ್ಲಿ, ಪೋಲೆಂಡಿನ ಬಿಷಪರು ಜರ್ಮನ್ ಬಿಷಪರಿಗೊಂದು ಪತ್ರ ಬರೆದರು. ಕ್ಷಮಿಸುತ್ತೇವೆ ಎಂದಷ್ಟೇ ಅಲ್ಲ, ಕ್ಷಮೆ ಬೇಡುತ್ತೇವೆ ಎಂದೂ ಅದರಲ್ಲಿತ್ತು. ಕಮ್ಯುನಿಸ್ಟ್ ಸರ್ಕಾರ ಕೆಂಡಾಮಂಡಲವಾಯಿತು. ಎಷ್ಟೋ ಮಂದಿ ಜನಸಾಮಾನ್ಯರಿಗೂ ಅದು ಹಿಡಿಸಲಿಲ್ಲ. ಪೆಟ್ಟು ತಿಂದವರು ನಾವು, ಕ್ಷಮೆ ಬೇಡುವುದು ಯಾತಕ್ಕೆ ಎಂದು ಕೇಳಿದರು.