ಪಾಲಕರೂ ಶಾಲೆಯೂ: ಕೇಂದ್ರದ ಸಹಾಯವು ಮಗುವಿನ ಓದಿಗೆ ಮುಟ್ಟುವ ಬಗೆ

(ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯೊಂದರ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಹೊಲಮನೆಯ ಕೆಲಸವನ್ನು ಬದಿಗಿರಿಸಿ ತಾವು ಇಷ್ಟು ಮಂದಿ ಈ ಶಾಲೆಯ ಅಂಗಳದಲ್ಲಿ ಕೂಡಿರುವುದು ನನಗೆ ಬಹಳ ಸಂತೋಷದ ಸಂಗತಿ. ನಮ್ಮ ಸಮಿತಿಯ ಸಭೆಯೆಂದರೆ ಗಡಿರೇಖೆಯ ಮಾತೇ ಬರುವುದೆಂದು ಕೆಲವರು ನಿರೀಕ್ಷಿಸಿರಬಹುದು. 1956ರಲ್ಲಿ ರಾಜ್ಯಗಳ ಪುನರ್ರಚನೆಯಾದಾಗ ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು, 1960ರಲ್ಲಿ ಮಹಾರಾಷ್ಟ್ರದವರಾದೆವು. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟೆಯು ಅಂದಿನ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಇವೆಲ್ಲ ತಾವು ಬಲ್ಲ ಸಂಗತಿಗಳೇ. ಆದರೆ ಮೂರನೆಯ ಇಯತ್ತೆಯಲ್ಲಿ ಕುಳಿತಿರುವ ಮಗು ಯಾವ ಆಯೋಗದ ತೀರ್ಮಾನಕ್ಕೂ ಕಾಯಲಾರದು. ಅದು ಈ ವರ್ಷವೇ ಓದಲು ಕಲಿಯಬೇಕು. ಆದುದರಿಂದ ಇಂದು ನಾನು ಆ ಮಗುವಿನ ಓದಿನ ವಿಷಯವಾಗಿ, ಅದರಲ್ಲಿ ಪಾಲಕರಾದ ನಾವು ಮಾಡಬೇಕಾದ ಕೆಲಸದ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಮೊದಲು ಹಣದ ಮಾತು. ಈ ಶಾಲೆಯನ್ನು ನಡೆಸುವುದು ಜಿಲ್ಲಾ ಪರಿಷತ್ತು. ಆದರೆ ಇಂಥ ಶಾಲೆಗಳ ಏಳಿಗೆಗೆಂದು ಕೇಂದ್ರ ಸರಕಾರವೂ ಹಣ ಕೊಡುತ್ತ ಬಂದಿದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಮಹಾರಾಷ್ಟ್ರದಂಥ ರಾಜ್ಯಗಳಿಗೆ ನೂರರಲ್ಲಿ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು ಎಂದು ಗೊತ್ತಾಯಿತು. 2021ರಲ್ಲಿ ಆ ಯೋಜನೆಯನ್ನು 2026ರ ಮಾರ್ಚ್‌ವರೆಗೆ ಮುಂದುವರಿಸಿದಾಗ, ಪ್ರತಿ ಶಾಲೆಗೆ ಮಕ್ಕಳ ಸಂಖ್ಯೆಗೆ ತಕ್ಕಂತೆ ವಾರ್ಷಿಕ ಅನುದಾನವನ್ನು ನಿಗದಿಪಡಿಸಿದರು. 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, ಅದರ ಮೇಲೆ 100ರವರೆಗೆ 25,000, 250ರವರೆಗೆ 50,000. ಇದರಲ್ಲಿ ಹತ್ತನೆಯ ಒಂದು ಪಾಲಾದರೂ ಸ್ವಚ್ಛತೆಗೆ ಸಲ್ಲಬೇಕು. ಪುಸ್ತಕ ಭಂಡಾರಕ್ಕೆಂದು ಪ್ರತ್ಯೇಕ ಅನುದಾನವೂ ಉಂಟು. ಈ ಮೊತ್ತಗಳು ಕಾಲಕಾಲಕ್ಕೆ ಬದಲಾಗತಕ್ಕವು. ಆದುದರಿಂದ ನಾವು ಕಲಿಯಬೇಕಾದದ್ದು ಅಂಕಿಗಳನ್ನಲ್ಲ, ಕೇಳುವುದನ್ನು. “ಈ ವರ್ಷ ನಮ್ಮ ಶಾಲೆಗೆ ಎಷ್ಟು ಬಂದಿತು? ಯಾವುದಕ್ಕೆ ವೆಚ್ಚವಾಯಿತು?” ಎಂಬ ಎರಡು ಪ್ರಶ್ನೆಗಳನ್ನು ಪ್ರತಿವರ್ಷ ಕೇಳುವ ಅಧಿಕಾರ ನಮಗಿದೆ.

ಈ ಅಧಿಕಾರ ಯಾರ ಕೃಪೆಯೂ ಅಲ್ಲ, ಕಾಯಿದೆಯೇ ಕೊಟ್ಟದ್ದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ 21ನೆಯ ಕಲಮಿನ ಪ್ರಕಾರ ಇಂಥ ಪ್ರತಿಯೊಂದು ಶಾಲೆಗೂ ಒಂದು ವ್ಯವಸ್ಥಾಪನ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿ ಪಾಲಕರಾಗಿರಬೇಕು; ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು; ಹಿಂದುಳಿದವರ ಮತ್ತು ಬಡವರ ಮಕ್ಕಳ ತಂದೆತಾಯಿಗಳಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನವಿರಬೇಕು. ಶಾಲೆಯ ಕೆಲಸ ಹೇಗೆ ನಡೆದಿದೆಯೆಂದು ನೋಡುವುದು, ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಅನುದಾನ ಸರಿಯಾಗಿ ವಿನಿಯೋಗವಾಯಿತೇ ಎಂದು ಪರಿಶೀಲಿಸುವುದು, ಈ ಮೂರೂ ಸಮಿತಿಯ ಕೆಲಸಗಳು. ಅಲ್ಪಸಂಖ್ಯಾತರ ಸಂಸ್ಥೆಗಳು ನಡೆಸುವ ಅನುದಾನಿತ ಶಾಲೆಗಳಲ್ಲಿ ಈ ಸಮಿತಿಯು ಸಲಹೆಯನ್ನಷ್ಟೇ ಕೊಡಬಹುದು. ಜಿಲ್ಲಾ ಪರಿಷತ್ತಿನ ಶಾಲೆಯಲ್ಲಿ ಆ ಮಿತಿಯಿಲ್ಲ.

ಕಾಯಿದೆ ಹೀಗಿದ್ದರೂ ನಡೆಯುವುದು ಹೇಗೆ? ಒಂದು ಊರಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಸಭೆ ಮುಗಿಯುತ್ತಿದ್ದಂತೆ ಠರಾವಿನ ಪುಸ್ತಕ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಸಹಿ ಹಾಕಿದರು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಒಬ್ಬ ತಾಯಿ ಮಾತ್ರ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, “ಇದರಾಗ ಏನ ಬರದೈತ್ರಿ, ಓದಿ ಹೇಳ್ರಿ” ಎಂದರು. ಕ್ಷಣಕಾಲ ಎಲ್ಲರೂ ಸುಮ್ಮನಾದರು. ಬಳಿಕ ಮುಖ್ಯ ಗುರುಗಳು ಮರಾಠಿಯಲ್ಲಿದ್ದುದನ್ನು ಕನ್ನಡದಲ್ಲಿ ವಿವರಿಸಿದರು. ಪುಸ್ತಕ ಭಂಡಾರದ ಅನುದಾನದಲ್ಲಿ ಪುಸ್ತಕಗಳು ಬಂದಿದ್ದವು; ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದರು. ತೆರೆದು ನೋಡಿದರೆ ಅವುಗಳಲ್ಲಿ ಕನ್ನಡದ ಪುಸ್ತಕ ಒಂದೂ ಇರಲಿಲ್ಲ. ಮೋಸ ಮಾಡಿದವರು ಯಾರೂ ಅಲ್ಲಿರಲಿಲ್ಲ. ಮೇಲಿನಿಂದ ಬಂದದ್ದನ್ನು ಇಳಿಸಿಕೊಂಡಿದ್ದರು, ಅಷ್ಟೆ; ಕನ್ನಡ ಪುಸ್ತಕ ಬೇಕೆಂದು ಬರೆದು ಕೇಳಿದವರು ಇರಲಿಲ್ಲ. ಆ ತಾಯಿಗೆ ಅಕ್ಷರ ಬಾರದು. ಆದರೂ ಆ ದಿನದ ಸಭೆಯಲ್ಲಿ ಸಮಿತಿಯ ಸದಸ್ಯತ್ವದ ಅರ್ಥವನ್ನು ತಿಳಿದವರು ಅವರೊಬ್ಬರೇ.

ಎರಡನೆಯದು ಕಲಿಕೆಯ ಮಾತು. ಕೇಂದ್ರ ಸರಕಾರವು 2021ರ ಜುಲೈಯಲ್ಲಿ ‘ನಿಪುಣ ಭಾರತ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. 2026-27ರ ಹೊತ್ತಿಗೆ ಮೂರನೆಯ ಇಯತ್ತೆ ಮುಗಿಸುವ ಪ್ರತಿ ಮಗುವೂ ತಿಳಿದು ಓದಬೇಕು, ಬರೆಯಬೇಕು, ಲೆಕ್ಕ ಮಾಡಬೇಕು ಎಂಬುದು ಅದರ ಗುರಿ. ಒಂದನೆಯ ಇಯತ್ತೆಯ ಮಗು ನಾಲ್ಕೈದು ಪದಗಳ ಸಣ್ಣ ವಾಕ್ಯವನ್ನು ಓದಬೇಕು, 99ರವರೆಗಿನ ಅಂಕಿಗಳನ್ನು ಬಲ್ಲುದಾಗಿರಬೇಕು. ಮೂರನೆಯ ಇಯತ್ತೆಯಲ್ಲಿ ನಿಮಿಷಕ್ಕೆ 60 ಪದಗಳನ್ನಾದರೂ ಅರ್ಥಸಹಿತವಾಗಿ ಓದಬೇಕು, 9,999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು, ಸರಳ ಗುಣಾಕಾರ ಮಾಡಬೇಕು.

ಇಲ್ಲಿ ನಮ್ಮ ಭಾಷೆಯ ಒಂದು ವಿಶೇಷವನ್ನು ಮರೆಯಬಾರದು. ಕನ್ನಡದ ಪದ ದೊಡ್ಡದು. ‘ಮನೆಯೊಳಗಿನಿಂದಲೇ’ ಎಂಬ ಒಂದು ಪದದಲ್ಲಿ ಎಷ್ಟು ಅರ್ಥಗಳು ಬೆಸೆದಿವೆ, ನೋಡಿರಿ. ಆದುದರಿಂದ ಗಡಿಯಾರ ಹಿಡಿದು ಪದಗಳನ್ನು ಎಣಿಸುವುದಷ್ಟೇ ಪರೀಕ್ಷೆಯಾಗದು. ಓದಿದ್ದನ್ನು ಮಗು ತನ್ನ ಮಾತಿನಲ್ಲಿ ತಿರುಗಿ ಹೇಳಬಲ್ಲುದೇ ಎಂಬುದೇ ನಿಜವಾದ ಪರೀಕ್ಷೆ. ಈ ಪರೀಕ್ಷೆಯನ್ನು ಮಾಡಲು ತಂದೆತಾಯಿಗಳಿಗೆ ಅಕ್ಷರವಿದ್ಯೆ ಬೇಕಾಗಿಲ್ಲ. ರಾತ್ರಿ ಊಟಕ್ಕೆ ಮೊದಲು ಮಗುವನ್ನು ಹತ್ತಿರ ಕೂಡಿಸಿಕೊಂಡು ಒಂದು ಪುಟ ಓದಿಸಿರಿ; “ಆಮೇಲೆ ಏನಾಯಿತು?” ಎಂದು ಕೇಳಿರಿ. ಕಥೆ ಹೇಳಿದರೆ ಓದು ಬಂದಿದೆ. ಹೇಳಲಾರದೆ ಹೋದರೆ ಮಗುವನ್ನು ಗದರಿಸಬೇಡಿರಿ. ಮರುದಿನ ಗುರುಗಳನ್ನು ಕಾಣಿರಿ. ಮಗುವಿನ ಹಾಜರಿ, ಕಲಿಕೆಯ ಶಕ್ತಿ, ಪ್ರಗತಿ ಇವುಗಳನ್ನು ಪಾಲಕರ ಸಭೆ ಕರೆದು ತಿಳಿಸುವುದು ಗುರುಗಳ ಕರ್ತವ್ಯವೆಂದು ಅದೇ ಕಾಯಿದೆಯ 24ನೆಯ ಕಲಮು ಹೇಳುತ್ತದೆ.

ಮೂರನೆಯದು ತಾಯ್ನುಡಿಯ ಮಾತು. ತಿಳಿದು ಓದುವುದೆಂದರೆ ತಿಳಿಯುವ ಭಾಷೆಯಲ್ಲಿ ಓದುವುದೇ ಅಲ್ಲವೇ? ಬೋಧನೆಯು ಸಾಧ್ಯವಾದ ಮಟ್ಟಿಗೆ ಮಗುವಿನ ತಾಯ್ನುಡಿಯಲ್ಲಿ ನಡೆಯತಕ್ಕದ್ದೆಂದು ಕಾಯಿದೆಯ 29ನೆಯ ಕಲಮಿನಲ್ಲಿದೆ. ಇನ್ನೂ ಹಿಂದೆ, 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ನಿರ್ಣಯ ಮಾಡಿತು: ಶಾಲೆಯಲ್ಲಿ ಒಂದು ಭಾಷೆಯ 40 ಮಕ್ಕಳು, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯಲ್ಲಿ ಕಲಿಸುವ ಒಬ್ಬ ಶಿಕ್ಷಕರನ್ನಾದರೂ ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ವಿಧಿಸಿತು. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯು ಕನ್ನಡದಲ್ಲಿಯೂ ಪುಸ್ತಕಗಳನ್ನು ಅಚ್ಚು ಮಾಡುತ್ತ ಬಂದಿದೆ. ಇದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಪುಸ್ತಕ ಕನ್ನಡದ್ದಾಗಿ, ಕಲಿಸಲು ಬಂದವರಿಗೆ ಕನ್ನಡ ಬಾರದೆ ಹೋದರೆ ಆ ಪುಸ್ತಕದಿಂದ ಮಗುವಿಗೆ ಏನು ಲಾಭ?

ಹಾಗಾದರೆ ನಾವು ಮಾಡತಕ್ಕದ್ದೇನು?

ಒಂದು, ಸಮಿತಿಯ ಸಭೆಗೆ ತಪ್ಪದೆ ಹೋಗುವುದು. ಠರಾವನ್ನು ಕನ್ನಡದಲ್ಲಿ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕುವುದು. ಕಬ್ಬು ಕಡಿಯಲು ಊರು ಬಿಟ್ಟು ಹೋಗುವವರ ಮನೆಯಿಂದಲೂ ಒಬ್ಬರು ಸದಸ್ಯರಿರುವಂತೆ ನೋಡಿಕೊಳ್ಳುವುದು. ವರ್ಷದ ಅರ್ಧ ಕಾಲ ಶಾಲೆ ತಪ್ಪುವ ಮಕ್ಕಳ ಕಷ್ಟವನ್ನು ಅವರಷ್ಟು ಬಲ್ಲವರು ಬೇರೆ ಯಾರು?

ಎರಡು, ಶಾಲಾ ಅಭಿವೃದ್ಧಿ ಯೋಜನೆಯನ್ನು ವೇಳೆಗೆ ಸರಿಯಾಗಿ ಬರೆಯುವುದು. ಅನುದಾನಕ್ಕೆ ಈ ಯೋಜನೆಯೇ ಆಧಾರವೆಂದು ಕಾಯಿದೆಯ 22ನೆಯ ಕಲಮು ಹೇಳುತ್ತದೆ. ಮಾರ್ಚ್‌ಗೆ ವರ್ಷ ಮುಗಿಯುವುದರಿಂದ ಡಿಸೆಂಬರಿನಲ್ಲಿಯೇ ಈ ಕೆಲಸಕ್ಕೆ ಕೂಡಬೇಕು. ಎಷ್ಟು ಮಕ್ಕಳಿದ್ದಾರೆ, ಕನ್ನಡ ಬಲ್ಲ ಎಷ್ಟು ಶಿಕ್ಷಕರು ಬೇಕು, ಯಾವ ಪುಸ್ತಕಗಳು ಬೇಕು, ಇವೆಲ್ಲ ಅದರಲ್ಲಿ ಬರೆದಿರಬೇಕು. 48 ಮಕ್ಕಳ ಪ್ರಾಥಮಿಕ ಶಾಲೆಗೆ ಕಾಯಿದೆಯ ಪರಿಶಿಷ್ಟದಂತೆ ಇಬ್ಬರು ಶಿಕ್ಷಕರು. 60 ದಾಟಿದರೆ ಮೂವರು. ಆದುದರಿಂದ ನಮ್ಮ ಮಗುವನ್ನು ಈ ಶಾಲೆಯಿಂದ ಬಿಡಿಸುವಾಗ ಒಂದು ಮಾತನ್ನು ನೆನೆಯಿರಿ: ಹೋಗುವ ಪ್ರತಿ ಮಗುವಿನೊಂದಿಗೆ ಉಳಿದ ಮಕ್ಕಳ ಶಿಕ್ಷಕರ ಸ್ಥಾನವೂ ಅಷ್ಟಷ್ಟೇ ಸಡಿಲವಾಗುತ್ತದೆ.

ಮೂರು, ಕೊರತೆ ಕಂಡಾಗ ಲಿಖಿತವಾಗಿ ಕೇಳುವುದು. ಮೊದಲು ಮುಖ್ಯ ಗುರುಗಳು, ಬಳಿಕ ಕೇಂದ್ರಪ್ರಮುಖರು, ಬಳಿಕ ಗಟಶಿಕ್ಷಣಾಧಿಕಾರಿಗಳು. ಸ್ಥಳೀಯ ಪ್ರಾಧಿಕಾರಕ್ಕೆ ಬರೆದುಕೊಟ್ಟ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು 32ನೆಯ ಕಲಮಿನಲ್ಲಿದೆ. ತೃಪ್ತಿಯಾಗದಿದ್ದರೆ ರಾಜ್ಯದ ಬಾಲಹಕ್ಕು ಸಂರಕ್ಷಣಾ ಆಯೋಗಕ್ಕೆ ಮೇಲ್ಮನವಿಯುಂಟು. ಮರಾಠಿ ಬರೆಯಲು ಬಾರದೆಂದು ಹಿಂಜರಿಯಬೇಡಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. ಕನ್ನಡದಲ್ಲಿ ಬರೆಯಿರಿ, ಕೆಲಸ ಬೇಗನೆ ಆಗಲೆಂದು ಒಂದು ಮರಾಠಿ ಪ್ರತಿಯನ್ನೂ ಜೊತೆಗಿಡಿರಿ. ಮುಟ್ಟಿದ ಸಹಿಯನ್ನು ಪಡೆದು ಕಾದಿರಿಸಿಕೊಳ್ಳಿರಿ.

ಬಂಧುಗಳೇ, ಇದು ಮರಾಠಿಯ ಮೇಲಿನ ದ್ವೇಷದ ಮಾತಲ್ಲ. ಮರಾಠಿ ನಮ್ಮ ನೆರೆಯ ನುಡಿ, ನಿತ್ಯದ ನುಡಿ. ನಮ್ಮ ಮಕ್ಕಳು ಅದನ್ನೂ ಚೆನ್ನಾಗಿ ಕಲಿಯಲಿ. ಇದು ಗುರುಗಳ ವಿರುದ್ಧದ ಮಾತೂ ಅಲ್ಲ. ಪಾಲಕರು ಬೆನ್ನಿಗಿದ್ದರೆ ಗುರುಗಳ ಬೇಡಿಕೆಗೆ ಬಲ ಬರುತ್ತದೆ. ಇಲ್ಲದಿದ್ದರೆ ಅವರ ಕಾಗದ ಪಂಚಾಯತ ಸಮಿತಿಯ ಕಡತದಲ್ಲಿ ಒಂದು ಹಾಳೆಯಾಗಿ ಉಳಿಯುತ್ತದೆ.

ಈ ಹಳ್ಳಿಗಳಲ್ಲಿ ಕನ್ನಡವಿದೆಯೆಂದು ನಾವು ಎಷ್ಟೋ ವರ್ಷಗಳಿಂದ ಮನವಿಗಳಲ್ಲಿ ಬರೆಯುತ್ತ ಬಂದಿದ್ದೇವೆ. ಆ ಮನವಿಯನ್ನು ಓದಬಲ್ಲ ಮಕ್ಕಳೇ ಊರಿನಲ್ಲಿ ಇಲ್ಲವಾದರೆ ಅದನ್ನು ಯಾರಿಗಾಗಿ ಬರೆದೆವು? ಇಂದು ರಾತ್ರಿ ತಮ್ಮ ತಮ್ಮ ಮನೆಯಲ್ಲಿ ಮಗುವಿನ ಕೈಯಲ್ಲಿ ಕನ್ನಡ ಪುಸ್ತಕವನ್ನು ಕೊಟ್ಟು ಒಂದು ಪುಟ ಓದಿಸಿರಿ. ಮುಂದಿನ ಸಭೆಗೆ ಬರುವಾಗ ಆ ಓದು ಹೇಗಿತ್ತೆಂಬುದನ್ನು ಹೇಳಲು ಸಿದ್ಧರಾಗಿ ಬನ್ನಿರಿ. ಇಷ್ಟೇ ನನ್ನ ಬಿನ್ನಹ.