ಉಸ್ತಾದನನ್ನೇ ಎತ್ತಂಗಡಿ ಮಾಡಿದರೆ

ಇವತ್ತು ರಾಜಕೀಯಕ್ಕೆ ರಜೆ. ಆಟದ ವಿಷಯ ಮಾತಾಡೋಣ, ಅದೂ ನಮ್ಮ ಮಕ್ಕಳು ಯಾರೂ ಆಡದ ಆಟ. ಅಮೆರಿಕದವರು ಫುಟ್‌ಬಾಲ್ ಅಂತಾರಲ್ಲ, ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಪ್ಯಾಡ್ ಕಟ್ಟಿಕೊಂಡು ಟಗರುಗಳ ಹಾಗೆ ಡಿಕ್ಕಿ ಹೊಡೆಯೋ ಆಟ, ಅದೇ. ಹೆಸರಿಗೆ ಫುಟ್‌ಬಾಲ್. ಚೆಂಡು ಇರೋದು ಹೆಚ್ಚಾಗಿ ಕೈಯಲ್ಲಿ.

ಅಲ್ಲಿ ಲೂಯಿಸಿಯಾನ ಅನ್ನೋ ರಾಜ್ಯ. ಅದರ ರಾಜಧಾನಿ ಬ್ಯಾಟನ್ ರೂಜ್. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯ ಎಲ್‌ಎಸ್‌ಯು. ಅದರ ತಂಡ ಆಡುವ ಟೈಗರ್ ಸ್ಟೇಡಿಯಂನಲ್ಲಿ 1,02,321 ಜನ ಕೂರಬಹುದು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಂಥ ಎರಡನ್ನು ಸೇರಿಸಿದರೂ ಸಾಲದು. ಕಾಲೇಜು ಹುಡುಗರ ಆಟಕ್ಕೆ ಇಷ್ಟು ಜನ!

2021ರ ಡಿಸೆಂಬರ್‌ನಲ್ಲಿ ಈ ತಂಡದ ಅಭಿಮಾನಿಗಳು ಒಬ್ಬ ಮನುಷ್ಯನಿಗಾಗಿ ಮರುಗಿದರು. ಹೋದದ್ದು ಸ್ಟಾರ್ ಆಟಗಾರನೂ ಅಲ್ಲ, ಹೆಡ್ ಕೋಚ್ ಕೂಡ ಅಲ್ಲ. ಸ್ಟ್ರೆಂಗ್ತ್ ಕೋಚ್. ಹೆಸರು ಟಾಮಿ ಮಾಫಿಟ್. 2000ನೇ ಇಸವಿಯಿಂದ ಅಲ್ಲೇ ಇದ್ದವರು. ಹಳೆಯ ಆಟಗಾರರು ಕೂಡ ದನಿ ಎತ್ತಿದರು, ಇವರನ್ನು ಯಾಕೆ ಕಳಿಸಿದಿರಿ ಅಂತ.

ಸ್ಟ್ರೆಂಗ್ತ್ ಕೋಚ್ ಅಂದರೆ ಜಿಮ್ ಮೇಷ್ಟ್ರು ತಾನೇ, ಅದಕ್ಕೆ ಇಷ್ಟು ಯಾಕೆ ಅಂತ ನೀವು ಕೇಳಬಹುದು. ಮೈಸೂರಿನ ಗರಡಿ ಮನೆಗಳನ್ನು ನೋಡಿದವರು ಹಾಗೆ ಕೇಳೋದಿಲ್ಲ. ದಸರಾ ಕುಸ್ತಿಯಲ್ಲಿ ಪೈಲ್ವಾನ್ ಗೆದ್ದರೆ ಚಪ್ಪಾಳೆ ಪೈಲ್ವಾನನಿಗೆ. ಆದರೆ ಬೆಳಗಿನ ಜಾವ ಅವನನ್ನು ಎಬ್ಬಿಸಿ, ಮಟ್ಟಿಗೆ ಇಳಿಸಿ, ಸಾಮು ತೆಗೆಸಿ, ಏನು ತಿನ್ನಬೇಕು ಏನು ತಿನ್ನಬಾರದು ಅಂತ ಗದರಿಸಿ ಬೆಳೆಸಿದವನು ಉಸ್ತಾದ್. ಮಾಫಿಟ್ ಆ ಉಸ್ತಾದ್. ಅಷ್ಟು ದೂರ ಬೇಡ ಅಂದರೆ ಆರ್‌ಸಿಬಿ ಅಭಿಮಾನಿಗಳು ಶಂಕರ್ ಬಸು ಅವರನ್ನು ನೆನಪಿಸಿಕೊಳ್ಳಲಿ. ತಮ್ಮ ಮೈಕಟ್ಟು ಬದಲಾದದ್ದಕ್ಕೆ ವಿರಾಟ್ ಕೊಹ್ಲಿ ಯಾರಿಗೆ ಋಣಿ ಅಂತ ಅವರೇ ಹೇಳಿದ್ದಾರೆ. 2019ರ ವಿಶ್ವಕಪ್ ಮುಗಿದ ಮೇಲೆ ಬಸು ಭಾರತ ತಂಡದಿಂದ ಹೊರಟರು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತು ಅದು?

ಅಮೆರಿಕದಲ್ಲಿ ಗೊತ್ತಾಗುತ್ತದೆ. ಅದಕ್ಕೆ ಕಾರಣ ಅಲ್ಲಿನ ನಿಯಮದಲ್ಲೇ ಇದೆ. ಕಾಲೇಜು ಆಟಗಾರನ ಹತ್ತಿರ ಕೋಚ್‌ಗಳು ಎಷ್ಟು ಹೊತ್ತು ಇರಬಹುದು ಅನ್ನೋದಕ್ಕೆ ಲೆಕ್ಕ ಇದೆ. ಸೀಸನ್ ನಡೆಯುವಾಗ ವಾರಕ್ಕೆ 20 ಗಂಟೆ, ಸೀಸನ್ ಇಲ್ಲದಾಗ 8 ಗಂಟೆ. ವಸಂತದಲ್ಲಿ ಮೈದಾನದ ಅಭ್ಯಾಸ ಬರೀ 15 ದಿನ. ಉಳಿದಂತೆ ಜನವರಿಯಿಂದ ಜುಲೈವರೆಗೆ ಹುಡುಗರು ಬಹುತೇಕ ಸ್ಟ್ರೆಂಗ್ತ್ ಕೋಚ್ ಕೈಯಲ್ಲಿ. ಹೆಡ್ ಕೋಚ್ ಗಮನ ಆಗ ಹೊಸ ಹುಡುಗರನ್ನು ಹುಡುಕೋದರ ಮೇಲೂ ಇರುತ್ತದೆ. ಹದಿನೆಂಟರ ಹುಡುಗ, ಮನೆ ಬಿಟ್ಟು ಬಂದವನು, ದಿನಾ ಮುಖ ನೋಡೋದು ಯಾರದ್ದು? ಬ್ಯಾಟನ್ ರೂಜ್‌ನ ಬೇಸಿಗೆ ಅಂದರೆ ನಮ್ಮ ಮಂಗಳೂರಿನ ಮೇ ತಿಂಗಳ ಸೆಕೆ ಅಂದುಕೊಳ್ಳಿ. ಆ ಸೆಕೆಯಲ್ಲಿ ಭಾರ ಎತ್ತಿಸಿ, ಓಡಿಸಿ, ಅತ್ತಾಗ ಪಕ್ಕದಲ್ಲಿ ಕೂರೋನು ಇವನೇ.

ಈಗ ಮಾಫಿಟ್ ಕಥೆಯ ಒಂದು ಲೆಕ್ಕ ಹೇಳ್ತೀನಿ ಕೇಳಿ. ಎಲ್‌ಎಸ್‌ಯು 2003ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು, ಹೆಡ್ ಕೋಚ್ ನಿಕ್ ಸೇಬನ್. 2007ರಲ್ಲಿ ಆಯಿತು, ಹೆಡ್ ಕೋಚ್ ಲೆಸ್ ಮೈಲ್ಸ್. 2019ರಲ್ಲಿ ಹದಿನೈದಕ್ಕೆ ಹದಿನೈದೂ ಗೆದ್ದು ಮತ್ತೆ ಆಯಿತು, ಹೆಡ್ ಕೋಚ್ ಎಡ್ ಒರ್ಜೆರಾನ್. ಮೂರು ಕಿರೀಟ, ಮೂವರು ಬೇರೆ ಬೇರೆ ಯಜಮಾನರು. ಮೂರರಲ್ಲೂ ಸ್ಟ್ರೆಂಗ್ತ್ ಕೋಚ್ ಒಬ್ಬರೇ. ಅಭಿಮಾನಿ ದಡ್ಡ ಅಲ್ಲ ಸ್ವಾಮಿ. ಅವನು ಇದನ್ನು ಬೆರಳು ಮಡಚಿ ಎಣಿಸಿಟ್ಟಿದ್ದ.

ಆಮೇಲೆ ಏನಾಯಿತು? 2021ರ ಕೊನೆಗೆ ನೋಟ್ರ ಡೇಮ್‌ನಿಂದ ಬ್ರಯನ್ ಕೆಲಿ ಅವರನ್ನು ಕರೆತಂದರು. ಹತ್ತು ವರ್ಷಕ್ಕೆ 9.5 ಕೋಟಿ ಡಾಲರ್. ಆಗಿನ ರೂಪಾಯಿ ಲೆಕ್ಕದಲ್ಲಿ 700 ಕೋಟಿ ದಾಟುತ್ತದೆ. ಬಂದ ಕೆಲವೇ ದಿನಕ್ಕೆ ಮಾಫಿಟ್ ಹೊರಗೆ. ಇದು ನಮಗೆ ಹೊಸ ದೃಶ್ಯ ಅಲ್ಲ. ಹೊಸ ಸಾಹೇಬ್ರು ಬಂದ್ರು ಅಂದ್ರೆ ಕಚೇರಿಯ ಹಳೇ ಸಿಬ್ಬಂದಿ ಎತ್ತಂಗಡಿ, ಡ್ರೈವರ್‌ನಿಂದ ಹಿಡಿದು ಪಿಎ ತನಕ ತಮ್ಮವರೇ ಬೇಕು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲೂ ಇದೇ ಪದ್ಧತಿ. ಹೆಡ್ ಕೋಚ್ ಇಲ್ಲದ ಹೊತ್ತಲ್ಲಿ ತಂಡ ನೋಡಿಕೊಳ್ಳುವವನು ತನ್ನ ನಂಬಿಕಸ್ತನೇ ಆಗಿರಬೇಕು ಅನ್ನೋದು ಅವರ ವಾದ. ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದರೆ ಮೂವರು ಯಜಮಾನರ ಕೈಕೆಳಗೆ ನಿಷ್ಠೆಯಿಂದ ದುಡಿದವನು ನಾಲ್ಕನೆಯವರಿಗೆ ಯಾಕೆ ಆಗದವನಾದ? ಒಂದು ವರ್ಷ ಇಟ್ಟುಕೊಂಡು ನೋಡಿದ್ದರೆ ಏನು ಗಂಟು ಹೋಗುತ್ತಿತ್ತು?

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಎಲ್ಲ ಉಸ್ತಾದರೂ ಅಳಲಿಗೆ ಯೋಗ್ಯರಲ್ಲ. ಅಯೋವಾದಲ್ಲಿ ಕ್ರಿಸ್ ಡಾಯ್ಲ್ ಇಪ್ಪತ್ತು ವರ್ಷಕ್ಕೂ ಮೇಲೆ ಇದ್ದರು. 2020ರಲ್ಲಿ ಕಪ್ಪು ವರ್ಣದ ಹಳೆಯ ಆಟಗಾರರು ತಮ್ಮನ್ನು ನಡೆಸಿಕೊಂಡ ರೀತಿಯ ಬಗ್ಗೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು, ಅವರು ಹೊರಡಬೇಕಾಯಿತು. ಆರೋಪಗಳನ್ನು ಅವರು ಒಪ್ಪಲಿಲ್ಲ. ಮೇರಿಲ್ಯಾಂಡ್‌ನಲ್ಲಿ 2018ರ ಮೇ ತಿಂಗಳಲ್ಲಿ ಓಟದ ಅಭ್ಯಾಸ ಮಾಡುವಾಗ 19 ವರ್ಷದ ಹುಡುಗನೊಬ್ಬ ಬಿಸಿಲಿನ ಹೊಡೆತಕ್ಕೆ ಕುಸಿದ. ಎರಡು ವಾರದಲ್ಲಿ ತೀರಿಕೊಂಡ. ಅಲ್ಲಿನ ಸ್ಟ್ರೆಂಗ್ತ್ ಕೋಚ್ ರಾಜೀನಾಮೆ ಕೊಟ್ಟರು, ಹೆಡ್ ಕೋಚ್ ಕೆಲಸ ಕಳೆದುಕೊಂಡರು. ಹುಡುಗರ ಮೈಮೇಲೆ ಒಬ್ಬ ಮನುಷ್ಯನಿಗೆ ಅಷ್ಟು ಅಧಿಕಾರ ಕೊಟ್ಟರೆ ಹೀಗೂ ಆಗುತ್ತದೆ. ಅದಕ್ಕೇ ನೋಡಿ, ಇಪ್ಪತ್ತೊಂದು ವರ್ಷ ಆ ಅಧಿಕಾರ ಇಟ್ಟುಕೊಂಡ ಒಬ್ಬನಿಗಾಗಿ ಆತನ ಕೈಯಲ್ಲಿ ಬೆವರು ಸುರಿಸಿದ ಹುಡುಗರೇ ಎದ್ದು ನಿಂತರು ಅಂದರೆ ಅದು ಸಣ್ಣ ಮಾತಲ್ಲ.

ಉಸ್ತಾದ್ ಹೋದ, ತಂಡ ಮುಳುಗಿತು ಅಂತ ಕಥೆ ಕಟ್ಟಿದರೆ ಚೆನ್ನಾಗಿರುತ್ತೆ. ಆದರೆ ಹಾಗಾಗಲಿಲ್ಲ. ಕೆಲಿ ಮೊದಲ ವರ್ಷವೇ ಅಲಬಾಮಾವನ್ನು ಸೋಲಿಸಿದರು, ಹತ್ತು ಪಂದ್ಯ ಗೆದ್ದರು. ಮರುವರ್ಷವೂ ಹತ್ತು. ಇನ್ನೊಂದು ಉದಾಹರಣೆ ಇದೆ. ಮಾಫಿಟ್ ಹತ್ತಿರವೇ ಕೆಲಸ ಕಲಿತ ಸ್ಕಾಟ್ ಕಾಕ್ರನ್ ಅಲಬಾಮಾದಲ್ಲಿ ಹದಿಮೂರು ಸೀಸನ್ ಸ್ಟ್ರೆಂಗ್ತ್ ಕೋಚ್ ಆಗಿದ್ದು, 2020ರ ಆರಂಭದಲ್ಲಿ ಜಾರ್ಜಿಯಾಕ್ಕೆ ಹೋದರು. ಅಲಬಾಮಾ ಅಭಿಮಾನಿಗಳು ಮನೆ ಮಗ ಹೋದ ಹಾಗೆ ನೊಂದುಕೊಂಡರು. ಆ ವರ್ಷ ಅಲಬಾಮಾ ಆಡಿದ 13 ಪಂದ್ಯವನ್ನೂ ಗೆದ್ದು ಚಾಂಪಿಯನ್ ಆಯಿತು! ಹಾಗಾಗಿ ಒಬ್ಬ ಹೋದರೆ ಆಟ ನಿಲ್ಲೋದಿಲ್ಲ. ಅಭಿಮಾನಿಗಳಿಗೂ ಅದು ಗೊತ್ತು. ಅವರು ಮರುಗಿದ್ದು ಸೋಲಿನ ಭಯಕ್ಕಲ್ಲ ಅಂತ ನನ್ನ ಅಂದಾಜು. ನಮ್ಮನ್ನು ಗೆಲ್ಲಿಸಿದವನಿಗೆ ಒಂದು ಮರ್ಯಾದೆ ಬೇಡವೇ ಅನ್ನೋ ಸಂಕಟ ಅದು.

ಆದರೆ ಮಾಫಿಟ್ ವಿಷಯದಲ್ಲಿ ಕಥೆ ಅಲ್ಲಿಗೆ ಮುಗಿಯಲಿಲ್ಲ. 2024ರ ಸೀಸನ್‌ಗೆ ಮೈಕ್ ಎಲ್ಕೊ ಟೆಕ್ಸಸ್ ಎ ಅಂಡ್ ಎಂ ತಂಡಕ್ಕೆ ಹೆಡ್ ಕೋಚ್ ಆಗಿ ಬಂದರು, ಮಾಫಿಟ್ ಅವರನ್ನು ಕರೆಸಿಕೊಂಡರು. ಎಲ್‌ಎಸ್‌ಯುಗೆ ಪಕ್ಕದ ರಾಜ್ಯದ ಎದುರಾಳಿ. ಆ ಅಕ್ಟೋಬರ್‌ನಲ್ಲಿ ಎರಡೂ ತಂಡ ಎದುರಾದವು. ಅರ್ಧ ಆಟಕ್ಕೆ ಎಲ್‌ಎಸ್‌ಯು 17-7ರಿಂದ ಮುಂದೆ. ಮುಗಿದಾಗ 38-23, ಗೆದ್ದದ್ದು ಎ ಅಂಡ್ ಎಂ.

2025ರ ಅಕ್ಟೋಬರ್ 25. ಈ ಸಲ ಟೈಗರ್ ಸ್ಟೇಡಿಯಂನಲ್ಲೇ. ಅರ್ಧ ಆಟಕ್ಕೆ ಮತ್ತೆ ಎಲ್‌ಎಸ್‌ಯು ಮುಂದೆ, 18-14. ವಿರಾಮ ಮುಗಿಸಿ ಬಂದ ಎ ಅಂಡ್ ಎಂ ಸಾಲಾಗಿ 35 ಅಂಕ ಬಾರಿಸಿತು. ಕೊನೆಗೆ 49-25. ಮುಗಿಯುವ ಮೊದಲೇ ಅರ್ಧ ಗ್ಯಾಲರಿ ಖಾಲಿ. ದಮ್ಮಿನ ಪರೀಕ್ಷೆ ನಡೆಯೋದು ಆಟದ ಎರಡನೇ ಅರ್ಧದಲ್ಲಿ ಅಂತ ಈ ಆಟ ಬಲ್ಲವರೆಲ್ಲ ಹೇಳ್ತಾರೆ. ಎರಡು ವರ್ಷ, ಎರಡು ಪಂದ್ಯ, ಎರಡರಲ್ಲೂ ಎಲ್‌ಎಸ್‌ಯು ಕುಸಿದದ್ದು ಅಲ್ಲೇ. ಇದಕ್ಕೆ ಮಾಫಿಟ್ ಒಬ್ಬರೇ ಕಾರಣ ಅಂತ ನಾನು ಹೇಳೋದಿಲ್ಲ, ಎಲ್ಕೊ ತಂತ್ರ, ಆಟಗಾರರ ಕಸುವು ಎಲ್ಲಾ ಇದೆ. ಆದರೆ ಆ ರಾತ್ರಿ ಮನೆ ದಾರಿ ಹಿಡಿದ ಬ್ಯಾಟನ್ ರೂಜ್ ಅಭಿಮಾನಿಗೆ 2021ರ ಡಿಸೆಂಬರ್ ನೆನಪಾಗದೆ ಇರುತ್ತಾ?

ಮರುದಿನ, ಭಾನುವಾರ, ವಿಶ್ವವಿದ್ಯಾಲಯ ಕೆಲಿ ಅವರನ್ನು ತೆಗೆದುಹಾಕಿತು. ಒಪ್ಪಂದದ ಪ್ರಕಾರ ಅವರಿಗೆ ಬರಬೇಕಾದ ಬಾಕಿ 5 ಕೋಟಿ ಡಾಲರ್‌ಗೂ ಮೇಲೆ. ನವೆಂಬರ್ ಕೊನೆಗೆ ಲೇನ್ ಕಿಫಿನ್ ಎಂಬ ಹೊಸ ಯಜಮಾನರ ಹೆಸರು ಪ್ರಕಟವಾಯಿತು. ಹೊಸಬರು ತಮ್ಮವರನ್ನು ಕರೆತರುವ ಪದ್ಧತಿ ಅಲ್ಲಿ ಇನ್ನೂ ಹಾಗೇ ಇದೆ.