ಹಾಸಿನ ಎಳೆ ಸಿಕ್ಕಾದರೆ



ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗದ ಮುಂದೆ ನಿಂತವರಿಗೆ ಹಾಸು ಗೊತ್ತು. ಸಾವಿರಾರು ಎಳೆ, ಒಂದರ ಪಕ್ಕ ಒಂದು, ನೆಟ್ಟಗೆ. ಎರಡು ಎಳೆ ಸಿಕ್ಕಾದರೂ ನೇಯುವ ಕೈ ನಿಲ್ಲುತ್ತದೆ. ಹೊಟ್ಟೆಯಲ್ಲಿರುವ ಕೂಸಿನ ಮಿದುಳಲ್ಲೂ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಹೀಗೇ ಸಾಲಾಗಿ, ಮೇಲ್ಪದರದಿಂದ ಒಳಕ್ಕೆ ಇಳಿಯುತ್ತವೆ. ತಾಯಿ ಕುಡಿದರೆ ಆ ಸಾಲು ಏನಾಗುತ್ತದೆ?

ಕುಡಿತ ಕೂಸಿಗೆ ಕೇಡು ಎಂಬುದು ಹೊಸ ಮಾತಲ್ಲ. ಬಸುರಿ ದಿನವೂ ಮದ್ಯ ಕುಡಿದರೆ ಹುಟ್ಟುವ ಮಗುವಿಗೆ ನೆನಪು ಕಡಿಮೆ, ಮನಸ್ಸು ಒಂದೆಡೆ ನಿಲ್ಲದು ಎಂದು ಚರಕ ಸಂಹಿತೆಯೇ ಹೇಳಿತ್ತು. ಆಮೇಲೆ ಮರೆತೆವು. 1968ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಲೆಮೊಯಿನ್ ಕುಡಿಯುವ ತಂದೆತಾಯಿಯರ 127 ಮಕ್ಕಳ ಬಗ್ಗೆ ಬರೆದಾಗ ಹೆಚ್ಚಿನವರು ಕಿವಿಗೊಡಲಿಲ್ಲ. 1973ರಲ್ಲಿ ಅಮೆರಿಕದ ಜೋನ್ಸ್ ಮತ್ತು ಸ್ಮಿತ್ ಈ ತೊಂದರೆಗೆ ಹೆಸರಿಟ್ಟ ಮೇಲೆಯೇ ಜಗತ್ತು ತಿರುಗಿ ನೋಡಿದ್ದು.

ರಕ್ತನಾಳದ ಸರದಿ ಇನ್ನೂ ತಡವಾಗಿ ಬಂತು. ತಾಯಿ ಕುಡಿದದ್ದು ಮಾಸನ್ನು ದಾಟಿ ಕೂಸಿನ ರಕ್ತ ಸೇರುತ್ತದೆ. ಅದನ್ನು ಅರಗಿಸುವ ಬಲ ಕೂಸಿನ ಲಿವರ್‌ಗೆ ಇನ್ನೂ ಬಂದಿರುವುದಿಲ್ಲ. 2012ರಲ್ಲಿ ಫ್ರಾನ್ಸಿನ ರೂಆನ್ ನಗರದ ಸಂಶೋಧಕರು ತಾಯಿ ಕುಡಿದಿದ್ದ ಭ್ರೂಣಗಳ ಮಿದುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ನಾಳಗಳ ಸಾಲು ಕೆಟ್ಟು ಅಡ್ಡಾದಿಡ್ಡಿಯಾಗಿತ್ತು. ಹಾಸು ಸಿಕ್ಕಾಗಿತ್ತು ಅನ್ನಿ. ಅದೇ ವರ್ಷ ಟೆಕ್ಸಾಸ್‌ನಲ್ಲಿ ಗಬ್ಬದ ಇಲಿಗಳಿಗೆ ಮದ್ಯ ಕೊಟ್ಟು ಸ್ಕ್ಯಾನ್ ಮಾಡಿದರೆ, ಮರಿಯ ತಲೆಗೆ ಹರಿಯುವ ರಕ್ತವೇ ತಗ್ಗಿತ್ತು.

ನಮ್ಮ ಕೊಳ್ಳೇಗಾಲ ಸೀಮೆಯಲ್ಲಿ ಕುಡಿತದ ಚರ್ಚೆಯ ಕಥೆಯೇ ಬೇರೆ. ಹನೂರು ಸೇರಿದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1948ರ ಹೊತ್ತಿಗೆ ಮದರಾಸು ಪ್ರಾಂತ್ಯದಲ್ಲೆಲ್ಲ ಪಾನನಿಷೇಧ.  ಮುಂದೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಹಲ್ಲಲ್ಲಿ ಕಚ್ಚಿ ಹರಿಯುತ್ತಿದ್ದ ಪ್ಯಾಕೆಟ್ ಹೋಯಿತು, ಬಾಟಲಿ ಉಳಿಯಿತು. ಪ್ರತಿ ಸಲವೂ ಮಾತು ಗಂಡಸಿನ ಕೂಲಿ, ಹೆಂಗಸಿನ ಕಣ್ಣೀರಿನದ್ದು. ಬಸುರಿಯ ಲೋಟದಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ ಎಂಬುದು ನನ್ನ ತಕರಾರು.

ಕೇಳಬಲ್ಲವರು ಇಲ್ಲದೆ ಇಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಮೇಲೆ ಅಲ್ಲಿನ ಸೋಲಿಗ ಬುಡಕಟ್ಟಿನವರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ವೈದ್ಯರು ನಡೆದೇ ಹೋದರು. ಈಗ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಹಿಡಿದು ಮನೆ ಬಾಗಿಲಿಗೇ ಬರುತ್ತಾಳೆ. ತೂಕ, ರಕ್ತ, ಕಬ್ಬಿಣದ ಮಾತ್ರೆ ಎಲ್ಲ ಕೇಳುತ್ತಾಳೆ. "ಕುಡೀತೀಯಾ?" ಎಂದರೆ ಯಾವ ಹೆಣ್ಣು ಹೂಂ ಅಂದಾಳು? "ಚಳಿಗೆ, ಮೈಕೈ ನೋವಿಗೆ ಏನಾದ್ರೂ ತಗೋತೀಯೇನವ್ವಾ?" ಎಂದು ಪಕ್ಕ ಕೂತು ಕೇಳಿದರೆ, ಒಂದು ಮುಚ್ಚಳ ಬ್ರಾಂದಿಯ ಮಾತೂ ಹೊರಗೆ ಬಂದೀತು.